ಕೊರಳಲ್ಲೇ ನಿಂತ ಕಾಳು

ಬೇಸಿಗೆ ಮುಗಿದು ಬೆಟ್ಟದ ಮೇಲಿನ ಹುಲ್ಲುಗಾವಲಿನಿಂದ ಕುದುರೆಗಳು ಕೆಳಗಿಳಿಯುವ ಕಾಲ ಬಂತೆಂದರೆ ಸರಿಬುಲಾಕ್ ಊರಿನಲ್ಲಿ ಜಗಳದ ಕಾಲವೂ ಬಂತೆಂದೇ ಲೆಕ್ಕ. ತಿಂಗಳುಗಟ್ಟಲೆ ಒಟ್ಟಿಗೆ ಮೇಯ್ದ ಮಂದೆಗಳು ಕೆಗೆನ್ ಹೊಳೆ ದಾಟುವಾಗ ಒಂದರೊಳಗೊಂದು ಬೆರೆತುಬಿಡುತ್ತವೆ. ಹೋಗುವಾಗ ಮರಿಯಾಗಿದ್ದದ್ದು ಬರುವಾಗ ಬೆಳೆದಿರುತ್ತದೆ, ಮೈಬಣ್ಣ ಬದಲಾಗಿರುತ್ತದೆ. "ಇದು ನಮ್ದು", "ಅಲ್ಲ, ನಮ್ದು" ಅಂತ ಶುರುವಾದ ಮಾತು ಒಬ್ಬರ ಮನೆಯ ಚಹಾ ಇನ್ನೊಬ್ಬರು ಮುಟ್ಟದಷ್ಟು ದೂರ ಹೋಗುತ್ತದೆ.

ಹೀಗಾದಾಗ ಜನ ಹೋಗುತ್ತಿದ್ದದ್ದು ತೊಲೆಗೆನ್ ಅಜ್ಜನ ಹತ್ತಿರ. ಕಿರಿಯರೆಲ್ಲ ಅವನನ್ನು "ಅತಾ", ಅಂದರೆ ಅಜ್ಜ, ಎಂದು ಕರೆಯುತ್ತಿದ್ದರು. ಅಜ್ಜ ಕುದುರೆಯ ಸುತ್ತ ಒಂದು ಸುತ್ತು ಬರುತ್ತಿದ್ದ. ಜೂಲಿನೊಳಗೆ ಕೈಯಾಡಿಸುತ್ತಿದ್ದ, ಗೊರಸು ಎತ್ತಿ ನೋಡುತ್ತಿದ್ದ. ಆಮೇಲೆ "ಇದು ಇಂಥವರ ಕುದುರೆ" ಅನ್ನುತ್ತಿದ್ದ. ಅಲ್ಲಿಗೆ ಮುಗಿಯಿತು. ಆ ಮಾತಿಗೆ ಎದುರಾಡಿದವರಿಲ್ಲ. ತೀರ್ಪು ಹೇಳಿ ಮನೆಗೆ ಹೊರಟಾಗ ಅಜ್ಜ ಜೀನಿನ ಮೇಲೆ ಕೂರುತ್ತಿದ್ದ ಠೀವಿ ನೋಡಬೇಕಿತ್ತು.

ಒಂದು ವಸಂತದಲ್ಲಿ ಪಶುವೈದ್ಯೆ ಶೊಲ್ಪಾನ್ ಅಜ್ಜನ ಮನೆಗೆ ಬಂದಳು. ಅದೇ ಊರಿನ ಹೆಣ್ಣುಮಗಳು. ಅಲ್ಮಾಟಿ ಪಟ್ಟಣದಲ್ಲಿ ಓದಿ, ಊರಿಗೇ ಮರಳಿ ಕೆಲಸಕ್ಕೆ ನಿಂತವಳು.

"ಅತಾ, ಹೊಳೆಯಾಚೆಯವರ ಕುದುರೆಗೆಲ್ಲ ಚಿಪ್ ಹಾಕಿ ಆಯ್ತು. ಈಚೆ ನಿಮ್ಮ ಮಂದೆಯಿಂದ ಶುರು ಮಾಡೋಣ ಅಂತ ಬಂದೆ. ನೀವು ಹಾಕಿಸಿದ್ರೆ ಮಿಕ್ಕೋರು ತಾವಾಗೇ ಬರ್ತಾರೆ" ಅಂದಳು. ಜನರಿಗೆ ತೋರಿಸಲೆಂದೇ ಇಟ್ಟುಕೊಂಡಿದ್ದ ಒಂದು ಚಿಪ್ ತೆಗೆದು ಅಜ್ಜನ ಅಂಗೈ ಮೇಲಿಟ್ಟಳು. ಅಕ್ಕಿಕಾಳಿನಂಥ ಗಾಜಿನ ಕೊಳವೆ. ಒಳಗೆ ಎಳೆಯಂಥ ತಂತಿ ಸುತ್ತಿಕೊಂಡಿತ್ತು.

"ಇದೇನಮ್ಮಾ, ಪಲಾವಿಗೆ ಹಾಕೋ ಅಕ್ಕಿನಾ?"

"ಇದನ್ನ ಕೊರಳ ಎಡಗಡೆ, ಜೂಲಿನ ಕೆಳಗೆ, ಸೂಜಿಯಲ್ಲಿ ಒಳಗೆ ಬಿಡ್ತೀನಿ. ಆಮೇಲೆ ಈ ಯಂತ್ರ ಹತ್ರ ಹಿಡಿದ್ರೆ ಕುದುರೆ ಯಾರದು ಅಂತ ಗೊತ್ತಾಗುತ್ತೆ. ಮೈ ಎಷ್ಟು ಬಿಸಿ ಇದೆ ಅಂತಾನೂ ಇದೇ ಕಾಳು ಹೇಳುತ್ತೆ."

"ಕುದುರೆ ಯಾರದು ಅಂತ ನಾನೇ ಹೇಳ್ತೀನಲ್ಲ! ಚಹಾ ಕೊಟ್ರೆ ಸಾಕು, ನನಗೆ ಬ್ಯಾಟರಿ ಕೂಡ ಬೇಡ."

ಬಾಗಿಲ ಬಳಿ ಬೌರ್ಸಾಕ್ ಎಂಬ ಕರಿದ ರೊಟ್ಟಿಗೆ ಹಿಟ್ಟು ನಾದುತ್ತಿದ್ದ ಹೆಂಡತಿ ಬಲ್ಜಾನ್ ಅಜ್ಜಿಗೆ ನಗು ತಡೆಯಲಿಲ್ಲ. "ಕೇಳಿದ್ಯಾ ಮಗಳೇ ಜಂಬಾನ? ಮೊನ್ನೆ ಬಜಾರಿನಲ್ಲಿ ನಾನು ಅಂದ್ಕೊಂಡು ಯಾರದೋ ಹೆಂಡ್ತಿ ಕೈಗೆ ಆಲೂಗಡ್ಡೆ ಚೀಲ ಕೊಟ್ಟು ಬಂದ ಮಹಾರಾಯ ಇವನು!"

"ನೀನೇನು ಕುದುರೆಯಾ, ಗುರುತು ಹಿಡಿಯೋಕೆ?" ಅಂದ ಅಜ್ಜ. ಆಮೇಲೆ ಶೊಲ್ಪಾನಳ ಕಡೆ ತಿರುಗಿದ. "ತಮಾಷೆ ಇರ್ಲಿ. ನಮ್ಮ ಪಕ್ಕದ್ಮನೆ ಸಪಾರ್ ತನ್ನ ಕರಿಕುದುರೆಗೆ ಇಂಥದ್ದೇ ಕಾಳು ಹಾಕಿದ್ದ. ಈಗ ಕೊರಳಿಗೆ ಯಂತ್ರ ಹಿಡಿದ್ರೆ ಸದ್ದೇ ಇಲ್ಲ. ಆ ಕಾಳು ಎಲ್ಲಿಗೆ ಹೋಯ್ತು ಹೇಳು ನೋಡೋಣ."

"ಜಾರಿ ಹೋಗಿದೆ ಅತಾ. ಸಪಾರ್ ಅಣ್ಣ ಬಜಾರಿನಲ್ಲಿ ಬಿಡಿಯಾಗಿ ಮಾರೋದನ್ನ ತಂದು ತಾನೇ ಚುಚ್ಚಿದ. ಅದು ಬರೀ ಗಾಜು. ನೀರಲ್ಲಿ ಹೊಳೆಕಲ್ಲು ಹಿಡಿದ್ರೆ ಹೆಂಗೆ ಜಾರುತ್ತೆ? ಹಂಗೇ, ಕುದುರೆ ಓಡಿದಂಗೆಲ್ಲ ಒಳಗೊಳಗೇ ಸರೀತಾ ಹೋಗುತ್ತೆ. ಇದರ ಮೈಗೆ ಲೇಪ ಇದೆ."

ಅಜ್ಜ ಕಾಳನ್ನು ಬೆಳಕಿಗೆ ಹಿಡಿದ. "ಎಲ್ಲಿದೆ? ನನಗೆ ಕಾಣ್ತಿಲ್ಲ."

"ಕೂದಲಿಗಿಂತ ಎಷ್ಟೋ ತೆಳು, ಕಾಣಲ್ಲ. ಚಳಿಗಾಲದ ಬೆಳಿಗ್ಗೆ ಕುದುರೆ ಮೂತಿ ಮೇಲಿನ ಕೂದಲಿಗೆ ಮಂಜಿನ ಹುಡಿ ಕೂತಿರುತ್ತಲ್ಲ, ಅದನ್ನ ಯಾರಾದ್ರೂ ಕುಂಚ ಹಿಡಿದು ಬಳೀತಾರಾ? ಉಸಿರಿನ ಆವಿಯೇ ಹೋಗಿ ಒಂದೊಂದು ಕೂದಲಿಗೂ ಸುತ್ತ ಕೂರುತ್ತೆ. ಇದೂ ಹಂಗೇ. ಗಾಳಿ ಎಳೆದು ತೆಗೆದ ಪೆಟ್ಟಿಗೆಯೊಳಗೆ ಕಾಳುಗಳನ್ನ ಇಡ್ತಾರೆ. ಲೇಪದ ಪುಡಿ ಕಾಯಿಸಿ, ಆವಿ ಮಾಡಿ ಒಳಗೆ ಬಿಡ್ತಾರೆ. ಅದು ಸಂದಿಗೊಂದಿ ಬಿಡದೆ ಒಂದೇ ಸಮ ಕೂರುತ್ತೆ. ಮೈಯೊಳಗಿನ ನೀರಿಗೂ ಉಪ್ಪಿಗೂ ಅದು ಕರಗಲ್ಲ, ರಕ್ತಕ್ಕೆ ಏನೂ ಬಿಡಲ್ಲ. ನೀವು ಕರೆಯೋ ಕುದುರೆ ಹಾಲಿಗೂ, ಅದನ್ನ ಹುಳಿ ಬರಿಸಿ ಮಾಡೋ ಕುಮಿಸ್‌ಗೂ ತೊಂದರೆ ಇಲ್ಲ. ಬರೀ ಗಾಜಾದ್ರೆ ಮಾಂಸ ಹಿಡ್ಕೊಳ್ಳಲ್ಲ. ಈ ಲೇಪ ಇದ್ರೆ ಸುತ್ತ ಬೆಳೆದು ಬಿಗಿಯಾಗಿ ಹಿಡ್ಕೊಳ್ಳುತ್ತೆ. ಹಾಕಿದ ಜಾಗದಲ್ಲೇ ನಿಲ್ಲುತ್ತೆ."

"ಕಾಣದ ಲೇಪ ನಂಬಬೇಕು, ಕಾಣೋ ಕಣ್ಣು ಬಿಡಬೇಕು. ಚೆನ್ನಾಗಿದೆ ಕಣಮ್ಮ ನಿನ್ನ ವ್ಯಾಪಾರ. ಚಹಾ ಕುಡಿದು ಹೊರಡು" ಅಂದ ಅಜ್ಜ.

ಶೊಲ್ಪಾನ್ ಚಹಾ ಕುಡಿದಳು, ಎರಡು ಬೌರ್ಸಾಕ್ ತಿಂದಳು, ಬೇಸರಿಸಿಕೊಳ್ಳದೆ ಹೊರಟಳು.

ಆ ಬೇಸಿಗೆ ಚೆನ್ನಾಗಿಯೇ ಕಳೆಯಿತು. ಆದರೆ ಮಂದೆ ಬೆಟ್ಟ ಇಳಿಯುವ ದಿನ ಮುಂದಿನ ಕುದುರೆಯ ಬಾಲ ಹಿಂದಿನದಕ್ಕೆ ಕಾಣದಂಥ ಮಂಜು ಕವಿಯಿತು. ಮನೆ ಸೇರಿದ ಮೇಲೆ ನೋಡಿದರೆ ತೊರ್ಗಯ್ ಇರಲಿಲ್ಲ.

ತೊರ್ಗಯ್ ಅಜ್ಜನ ಎಳೆಯ ಗಂಡುಕುದುರೆ. ಒಣಹುಲ್ಲಿನ ಬಣ್ಣ, ಬೆನ್ನುದ್ದಕ್ಕೂ ಕಪ್ಪು ಗೆರೆ, ಹಣೆಯ ಮೇಲೆ ಬಿಳಿ ಚುಕ್ಕಿ, ಹಿಂದಿನ ಎಡಗಾಲಿಗೆ ಬಿಳಿ ಕಾಲುಚೀಲ ತೊಡಿಸಿದಂಥ ಮಚ್ಚೆ. ಹುಟ್ಟಿದ ವಾರದಲ್ಲೇ ತಾಯಿ ಸತ್ತಿತ್ತು. ಬಲ್ಜಾನ್ ಅಜ್ಜಿ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದಳು. ಅದಕ್ಕೆ ಬರೆಯ ಮುದ್ರೆಯೂ ಇರಲಿಲ್ಲ. "ನನ್ನ ಕುದುರೆಯ ಚರ್ಮ ಸುಡಲ್ಲ" ಅಂತ ಅಜ್ಜನ ಹಟ. ಅಜ್ಜ ಕಣಿವೆ ಕಣಿವೆ ಸುತ್ತಿದ. ಸಿಕ್ಕಿದ ಕುರಿಗಾಹಿಗಳನ್ನೆಲ್ಲ ಕೇಳಿದ. ಯಾರೂ ಕಂಡಿರಲಿಲ್ಲ.

ಮೊದಲ ಹಿಮ ಬೀಳುವ ಮುಂಚೆ ಒಂದು ದಿನ ಅಜ್ಜ ಮತ್ತು ಸಪಾರ್ ಹುಲ್ಲು ತರಲು ಹೊಳೆಯಾಚೆಗೆ ಹೋದರು. ದಾರಿಯಲ್ಲಿ ಕತಿರಾ ಎಂಬವಳ ಮನೆ. ಗಂಡ ತೀರಿಕೊಂಡ ಮೇಲೆ ನಾಲ್ಕಾರು ಕುದುರೆ ಇಟ್ಟುಕೊಂಡು ಸಂಸಾರ ನಡೆಸುತ್ತಿದ್ದವಳು ಅವಳು. ಅವಳ ಬೇಲಿಯೊಳಗೆ ಒಣಹುಲ್ಲಿನ ಬಣ್ಣದ ಎಳೆಕುದುರೆ ನಿಂತಿತ್ತು. ಕಪ್ಪು ಗೆರೆ, ಬಿಳಿ ಚುಕ್ಕಿ, ಎಡಗಾಲಿನ ಮಚ್ಚೆ, ಎಲ್ಲವೂ ಅದೇ.

ಅಜ್ಜ ಕುದುರೆಯಿಂದ ಇಳಿದವನೇ ಬೇಲಿ ಹಿಡಿದು ಕೂಗಿದ: "ಕತಿರಾ! ಇದು ನನ್ನ ತೊರ್ಗಯ್. ನಿನ್ನ ಮಂದೆಗೆ ಸೇರಿಕೊಂಡು ಬಂದಿದೆ. ಸಾಕಿದ್ದಕ್ಕೆ ದೇವರು ನಿನಗೆ ಒಳ್ಳೇದು ಮಾಡ್ಲಿ."

ಕತಿರಾ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಅತಾ, ಮೊದಲು ಒಳಗೆ ಬನ್ನಿ, ಚಹಾ ಆಗಿದೆ. ಆದ್ರೆ ಇದು ನಮ್ಮ ಕುದುರೆ. ನಮ್ಮ ಹೆಣ್ಣುಕುದುರೆಯ ಹೊಟ್ಟೆಯಲ್ಲೇ ಹುಟ್ಟಿದ್ದು."

"ನನ್ನ ಕಣ್ಣಿಗೆ ಸುಳ್ಳು ಹೇಳ್ತೀಯಾ?"

"ನಿಮಗೆ ಸುಳ್ಳು ಹೇಳೋ ಧೈರ್ಯ ನನಗಿಲ್ಲ. ಆದ್ರೆ ನನ್ನ ಕುದುರೆ ನಿಮ್ಮದು ಅನ್ನೋ ಧೈರ್ಯಾನೂ ಇಲ್ಲ" ಅಂದಳು ಕತಿರಾ. ಹಾಗೆ ಹೇಳಲು ಅವಳಿಗೆ ಹೆದರಿಕೆಯೇ ಆಗಿತ್ತು. ಯಾಕೆಂದರೆ ಈ ಕಣಿವೆಯಲ್ಲಿ ಕುದುರೆಯ ನ್ಯಾಯ ಹೇಳುವವನೇ ತೊಲೆಗೆನ್ ಅಜ್ಜ. ನ್ಯಾಯ ಹೇಳುವವನೇ "ನನ್ನದು" ಎಂದರೆ ಇನ್ನು ಯಾರ ಹತ್ತಿರ ಹೋಗುವುದು?

ಮಾತು ಕೇಳಿ ಅಕ್ಕಪಕ್ಕದವರು ಸೇರಿದರು. ಸಪಾರ್ ಜೋರಾಗಿ, "ಅತಾ ಹೇಳಿದ ಮೇಲೆ ಮುಗೀತು, ಹಗ್ಗ ಬಿಚ್ಚಿ" ಅಂದ. ಗುಂಪಿನಲ್ಲಿ ಕೆಲವರು ತಲೆಯಾಡಿಸಿದರು. ಅಷ್ಟರಲ್ಲಿ ಯಾರೋ ಶೊಲ್ಪಾನಳಿಗೆ ಫೋನ್ ಮಾಡಿದ್ದರು. ಪಕ್ಕದ ಬೀದಿಯಲ್ಲಿ ಹಸುವೊಂದಕ್ಕೆ ಔಷಧಿ ಕುಡಿಸುತ್ತಿದ್ದವಳು ಹಾಗೇ ಬಂದಳು.

"ಅತಾ, ನಾನು ಹಿಡಿದ್ರೆ ನೀವು ನಂಬಲ್ಲ. ಯಂತ್ರ ನೀವೇ ಹಿಡೀರಿ" ಅಂದಳು.

ಅಜ್ಜ ಯಂತ್ರ ತೆಗೆದುಕೊಂಡ. ಮೊದಲು ಬಲಗಡೆಯ ಕೊರಳಿಗೆ ಹಿಡಿದ. ಸದ್ದಿಲ್ಲ. ಭುಜಕ್ಕೆ, ಎದೆಗೆ, ಕಾಲಿಗೆ ಹಿಡಿದ. ಸದ್ದಿಲ್ಲ. "ನೋಡಿದ್ಯಾ?" ಅಂದ. ಆಮೇಲೆ ಎಡಗಡೆಗೆ ಬಂದು ಜೂಲಿನ ಕೆಳಗೆ, ಕೊರಳ ನಡುಮಧ್ಯಕ್ಕೆ ತಂದ. ಯಂತ್ರ ಕುಯ್ ಎಂದಿತು. ಪುಟ್ಟ ಪರದೆಯ ಮೇಲೆ ಸಂಖ್ಯೆಗಳ ಸಾಲು ಮೂಡಿತು. ಶೊಲ್ಪಾನ್ ತನ್ನ ಫೋನಿನಲ್ಲಿ ಅದನ್ನು ಹುಡುಕಿ ತೋರಿಸಿದಳು. ಕತಿರಾಳ ಹೆಸರು. ಮರಿಯಾಗಿದ್ದಾಗ ತಾಯಿಯ ಪಕ್ಕದಲ್ಲೇ ಹಾಕಿದ ಚಿಪ್.

ಗುಂಪು ಗುಜುಗುಜು ಅಂದಿತು. "ಕಾಳು ಜಾರುತ್ತೆ, ಯಂತ್ರ ತಪ್ಪುತ್ತೆ, ಅತಾನೇ ಹೇಳಿದ್ದಲ್ವಾ?" ಅಂದ ಸಪಾರ್.

"ಇರು" ಅಂದ ಅಜ್ಜ. ಕುದುರೆಗೆ ಹಗ್ಗ ಹಾಕಿ, ತಾನು ತನ್ನ ಕುದುರೆ ಹತ್ತಿ, ಅದನ್ನು ಜೊತೆಗೆ ಹೊಳೆದಂಡೆಯುದ್ದಕ್ಕೂ ಓಡಿಸಿದ. ಕಲ್ಲಿನ ಇಳಿಜಾರಿನಲ್ಲಿ ಇಳಿಸಿ ಹತ್ತಿಸಿದ, ನೀರಿನಲ್ಲಿ ದಾಟಿಸಿ ತಂದ. ಕುದುರೆಯ ಮೈಯಿಂದ ಹಬೆ ಏಳುತ್ತಿತ್ತು. ಇಳಿದು ಮತ್ತೆ ಯಂತ್ರ ಹಿಡಿದ. ಅದೇ ಜಾಗ. ಕುಯ್. ಅಂಗೈಯಷ್ಟು ಈಚೆ ತಂದರೆ ಸದ್ದಿಲ್ಲ, ಆಚೆ ಒಯ್ದರೆ ಸದ್ದಿಲ್ಲ.

"ಎರಡು ಬೇಸಿಗೆ ಬೆಟ್ಟ ಹತ್ತಿ ಇಳಿದಿದೆ ಅತಾ, ಒಂದಿಷ್ಟೂ ಸರಿದಿಲ್ಲ" ಎಂದು ಶೊಲ್ಪಾನ್ ಮೆಲ್ಲಗೆ ಹೇಳಿದಳು.

ಅಜ್ಜ ಹಗ್ಗ ಬಿಟ್ಟ. ತೊರ್ಗಯ್‌ಯನ್ನು ಕರೆಯುವಾಗ ಹಾಕುವ ಶಿಳ್ಳೆ ಹಾಕಿದ. ಕುದುರೆ ಕಿವಿ ಕೂಡ ತಿರುಗಿಸಲಿಲ್ಲ. ನೇರವಾಗಿ ನಡೆದು ಹೋಗಿ ಕತಿರಾಳ ತೋಳಿಗೆ ಮೂತಿ ಒತ್ತಿತು.

ಎಲ್ಲರೂ ಅಜ್ಜನ ಮುಖ ನೋಡುತ್ತಿದ್ದರು. ಒಂದು ಮಾತು ಜೋರಾಗಿ ಅಂದಿದ್ದರೆ ಅರ್ಧ ಊರು ಅವನ ಪರ ನಿಲ್ಲುತ್ತಿತ್ತು. ಆ ಮಾತು ನಾಲಿಗೆಯವರೆಗೂ ಬಂದಿತ್ತು ಕೂಡ. ಅಜ್ಜ ಟೋಪಿ ತೆಗೆದು ಬೆವರು ಒರೆಸಿಕೊಂಡ. ಮತ್ತೆ ಟೋಪಿ ಹಾಕಿಕೊಂಡು, ಇಷ್ಟು ವರ್ಷ ಪ್ರತಿಯೊಂದು ನ್ಯಾಯವನ್ನೂ ಹೇಳಿದ ದನಿಯಲ್ಲೇ ಹೇಳಿದ:

"ಇದು ಕತಿರಾಳ ಕುದುರೆ. ನನ್ನ ಕಣ್ಣು ತಪ್ಪಿತು."

ಕತಿರಾ ಕಣ್ಣು ಒರೆಸಿಕೊಂಡು ಹತ್ತಿರ ಬಂದಳು. "ಅತಾ, ನೀವು ತಗೊಂಡು ಹೋಗಿದ್ರೂ ಯಾರೂ ಕೇಳ್ತಿರ್ಲಿಲ್ಲ."

"ಅದಕ್ಕೇ ತಗೊಳ್ಳಲಿಲ್ಲ ಮಗಳೇ" ಅಂದ ಅಜ್ಜ. "ಈಗ ಆ ಚಹಾ ಕೊಡು."

ಮನೆಗೆ ಬಂದ ಮೇಲೆ ಅಜ್ಜ ಒಲೆಯ ಮುಂದೆ ಕೂತ. "ಬಲ್ಜಾನ್, ಇಷ್ಟು ವರ್ಷ ನಾನು ಕೊಟ್ಟ ಕುದುರೆಗಳಲ್ಲಿ ಎಷ್ಟು ತಪ್ಪು ಮನೆಗೆ ಹೋದವೋ" ಅಂದ.

"ಹೋಗಿರಬಹುದು" ಅಂದಳು ಅಜ್ಜಿ. ಅವಳು ಸುಮ್ಮನೆ ಸಮಾಧಾನ ಹೇಳುವವಳಲ್ಲ. "ಆದ್ರೆ ಗೊತ್ತಿದ್ದೂ ತಪ್ಪು ಹೇಳಿರ್ಲಿಲ್ಲ. ಇವತ್ತು ನಿನ್ನ ಮೇಲೇ ನ್ಯಾಯ ಹೇಳ್ಕೊಂಡೆ. ಇಷ್ಟು ವರ್ಷದ ಸಂಸಾರದಲ್ಲಿ ನಿನ್ನ ನೋಡಿ ಇವತ್ತಿನಷ್ಟು ಹೆಮ್ಮೆ ಯಾವತ್ತೂ ಆಗಿರ್ಲಿಲ್ಲ ಕಣೋ ಮುದುಕಾ." ಬಟ್ಟಲಿಗೆ ಚಹಾ ಬಗ್ಗಿಸಿ, ಅವನಿಗಿಷ್ಟವಾದ ಕೆನೆಯನ್ನು ಮೇಲೆ ತೇಲಿಬಿಟ್ಟಳು.

ಚಳಿಗಾಲದ ಮಾಂಸಕ್ಕೆಂದು ಸಪಾರ್ ತನ್ನ ಮುದಿ ಕರಿಕುದುರೆಯನ್ನು ಕಡಿದಾಗ ಅಜ್ಜನೇ ಕತ್ತಿ ಹಿಡಿದಿದ್ದ. ಜಾರಿಹೋದ ಗಾಜಿನ ಕಾಳು ಮಾಂಸದ ತುಂಡಿನಲ್ಲಿ ಉಳಿದು ಯಾರ ಹಲ್ಲಿಗಾದರೂ ಸಿಕ್ಕರೆ ಗತಿಯೇನು ಎಂದು ಶೊಲ್ಪಾನ್ ಯಂತ್ರ ಹಿಡಿದು ಬಂದಿದ್ದಳು. ಇಡೀ ಮುಂಗಾಲು ಜಾಲಾಡಿದ ಮೇಲೆ ಭುಜದ ಕೆಳಗೆ ಅದು ಸಿಕ್ಕಿತು. ಅಜ್ಜ ಕತ್ತಿಯ ತುದಿ ತಾಕಿಸಿದ್ದೇ ತಡ, ಕಲ್ಲಂಗಡಿ ಬೀಜದ ಹಾಗೆ ಪುಳಕ್ಕನೆ ಹೊರಗೆ ಜಾರಿತು. ಮೈಗೆ ಏನೂ ಅಂಟಿರಲಿಲ್ಲ.

ಶೊಲ್ಪಾನ್ ಆಗ ಚೀಲದಿಂದ ಒಂದು ಪುಟ್ಟ ಸೀಸೆ ತೆಗೆದಳು. ಅದರಲ್ಲಿ ಬೇರೊಂದು ಕುದುರೆಯ ಕೊರಳಿನಿಂದ ತೆಗೆದ, ಲೇಪವಿದ್ದ ಕಾಳು. ಸುತ್ತ ಬೆಳ್ಳಗಿನ ತೆಳು ಪೊರೆ ಬಿಗಿಯಾಗಿ ಹಬ್ಬಿಕೊಂಡಿತ್ತು. ಅಜ್ಜ ಉಗುರಿನಿಂದ ಕೆರೆದ. ಬರಲಿಲ್ಲ. ಬೆರಳಲ್ಲಿ ತಿರುಚಿ ಎಳೆದ. ಆಗಲೂ ಬಿಡಲಿಲ್ಲ.

"ಸಪಾರ್, ಬಾ ಇಲ್ಲಿ. ನೀನೇ ಮುಟ್ಟಿ ನೋಡು" ಅಂದ. "ನಿನ್ನ ಕಾಳು ಅತಿಥಿ ಥರ ಇತ್ತು. ಇದು ಮನೆಯವರ ಥರ ಕೂತಿದೆ."

ಹಿಮ ಕರಗುವ ಹೊತ್ತಿಗೆ ತೊರ್ಗಯ್ ಸುದ್ದಿ ಬಂತು. ಕಣಿವೆಯಾಚೆ ಯಾರದೋ ಮಂದೆಗೆ ಅಂಥ ಕುದುರೆಯೊಂದು ಸೇರಿಕೊಂಡಿತ್ತಂತೆ. ಆ ಜನ ಒಳ್ಳೆಯವರೇ. ಕೊರಳಿಗೆ ಯಂತ್ರ ಹಿಡಿಸಿ ನೋಡಿದ್ದರು, ಸುತ್ತಲ ಊರುಗಳಲ್ಲಿ ವಿಚಾರಿಸಿದ್ದರು. ಯಾರದೆಂದು ತಿಳಿಯದೆ ಕೊನೆಗೆ ದೂರದ ಸಂತೆಗೆ ಹೋಗುವವನಿಗೆ ಕೊಟ್ಟುಬಿಟ್ಟಿದ್ದರು. ಬಲ್ಜಾನ್ ಅಜ್ಜಿ ಹಾಲಿನ ಬಾಟಲಿಯನ್ನು ಎತ್ತಿ ಅಟ್ಟದ ಮೇಲೆ ಇಟ್ಟಳು. ಅಜ್ಜ ಕುದುರೆ ಏರಿ ಶೊಲ್ಪಾನಳ ಮನೆಗೆ ಹೋದ.

"ನನ್ನ ಮಂದೆಯಷ್ಟಕ್ಕೂ ಹಾಕು. ಆದ್ರೆ ಲೇಪ ಇರೋದೇ ಬೇಕು. ಪೊಟ್ಟಣ ನನ್ನ ಕಣ್ಣೆದುರೇ ಒಡೀಬೇಕು."

"ಅಬ್ಬಾ, ಈಗ ನೀವು ನನಗೆ ಪಾಠ ಹೇಳೋ ಹಂಗಾಯ್ತಾ!" ಎಂದು ಶೊಲ್ಪಾನ್ ನಕ್ಕಳು.

ಮರುದಿನ ಅಂಗಳದಲ್ಲಿ ಕೆಲಸ ನಡೆಯಿತು. ಅಜ್ಜ ಒಂದೊಂದೇ ಕುದುರೆಯ ಮೂತಿ ಹಿಡಿದು ನಿಂತ. ಶೊಲ್ಪಾನ್ ಮೊದಲು ಪೊಟ್ಟಣದಲ್ಲೇ ಕಾಳನ್ನು ಯಂತ್ರಕ್ಕೆ ಓದಿಸಿ ನೋಡಿದಳು. ಕೊರಳ ಕೂದಲು ಕತ್ತರಿಸಿ, ಚರ್ಮ ಶುಚಿ ಮಾಡಿ, ಸೂಜಿ ಚುಚ್ಚಿದಳು. ಹಾಕಿದ ಮೇಲೆ ಮತ್ತೆ ಓದಿಸಿದಳು. ನೆರೆಯವನೊಬ್ಬ ಕುತೂಹಲಕ್ಕೆ ಕಾಳನ್ನು ಬರಿಗೈಯಲ್ಲಿ ಎತ್ತಿಕೊಳ್ಳಲು ಬಂದಾಗ ಅಜ್ಜ ಗದರಿದ: "ಕೈ ತೆಗೀ! ನಿನ್ನ ಕೈ ಕೊಳೆ, ಉಗುರಿನ ಗೀರು ತಾಗಿದ್ರೆ ಲೇಪ ಕೆಡುತ್ತೆ. ಕೆಟ್ಟರೆ ನನ್ನ ಕುದುರೆಗೆ ಕೀವು ಆಗುತ್ತೆ." ಕುದುರೆಗಳು ಒಮ್ಮೆ ಬೆಚ್ಚಿ, ಮರುಕ್ಷಣವೇ ಹುಲ್ಲಿಗೆ ಬಾಯಿ ಹಾಕಿದವು. ಚುಚ್ಚಿದ ಜಾಗಕ್ಕೆ ಕುರಿಕೊಬ್ಬು ಹಚ್ಚಲು ಬಂದ ಬಲ್ಜಾನ್ ಅಜ್ಜಿಯನ್ನು ಶೊಲ್ಪಾನ್ ತಡೆದಳು: "ಏನೂ ಬೇಡ ಅಜ್ಜಿ. ಒಣಗಲಿ, ಸಾಕು. ಊತ ಕಂಡ್ರೆ ಮಾತ್ರ ನನ್ನ ಕರೀರಿ."

ಕೆಲವು ವಾರ ಬಿಟ್ಟು ಬಂದು ಮತ್ತೆ ಓದಿಸಿದಾಗ ಎಲ್ಲ ಕಾಳುಗಳೂ ಹಾಕಿದಲ್ಲೇ ಇದ್ದವು.

ಅಜ್ಜನಿಗೆ ಹೊಸ ಅಭ್ಯಾಸ ಹಿಡಿಯಿತು. ಅವನನ್ನು ನೋಡಿ ಊರಿನವರೆಲ್ಲ ತಮ್ಮ ಕುದುರೆಗಳಿಗೂ ಕಾಳು ಹಾಕಿಸಿ, ಸೇರಿ ಒಂದು ಯಂತ್ರ ಕೊಂಡಿದ್ದರು. ಅದನ್ನು ಅಜ್ಜ ಬೆಳಿಗ್ಗೆ ಹಾಲು ಕರೆಯುವ ಮುಂಚೆ ಒಂದೊಂದು ಕೊರಳಿಗೂ ಹಿಡಿದು ಮೈಬಿಸಿ ನೋಡುತ್ತಿದ್ದ. ಒಂದು ಬೆಳಿಗ್ಗೆ ಕೆಂದು ಹೆಣ್ಣುಕುದುರೆಯ ಬಿಸಿ ಎಂದಿಗಿಂತ ತುಂಬ ಹೆಚ್ಚಿತ್ತು. ಅದು ಮೇಯುತ್ತಿತ್ತು, ಕಣ್ಣು ಹೊಳೆಯುತ್ತಿತ್ತು, ಹೊರಗೆ ಏನೂ ಕಾಣಿಸುತ್ತಿರಲಿಲ್ಲ. ಆದರೂ ಅಜ್ಜ ಅದನ್ನು ಮಂದೆಯಿಂದ ಬಿಡಿಸಿ ದೂರ ಕಟ್ಟಿದ, ನೀರಿನ ತೊಟ್ಟಿ ಬೇರೆ ಮಾಡಿದ, ಶೊಲ್ಪಾನಳನ್ನು ಕರೆದ. ಮರುದಿನ ಅದರ ದವಡೆಯ ಕೆಳಗೆ ಗಡ್ಡೆ ಎದ್ದಿತು. ಗಂಟಲುಬಾವಿನ ರೋಗ! ಒಂದಕ್ಕೆ ಬಂದರೆ ಇಡೀ ಮಂದೆಗೆ ಹಬ್ಬುವಂಥದ್ದು. ಕೆಂದು ಕುದುರೆ ಕೆಲವು ವಾರ ನರಳಿ ಚೇತರಿಸಿಕೊಂಡಿತು. ಬೇರೆ ಯಾವುದಕ್ಕೂ ರೋಗ ತಾಗಲಿಲ್ಲ. ಆ ಬೇಸಿಗೆ ಸರಿಬುಲಾಕಿನ ಪ್ರತಿ ಮನೆಯ ಪೀಪಾಯಿಯಲ್ಲೂ ಕುಮಿಸ್ ತುಂಬಿತ್ತು.

ಆ ಶರತ್ಕಾಲದಲ್ಲಿ ಮಂದೆಗಳು ಇಳಿಯುವಾಗ ಹೊಳೆಯ ದಂಡೆಯ ಮೇಲೆ ಅಜ್ಜ ಯಂತ್ರ ಹಿಡಿದು ನಿಂತಿದ್ದ. ಪಕ್ಕದಲ್ಲಿ ಫೋನಿನಲ್ಲಿ ಸಂಖ್ಯೆ ಹುಡುಕಿ ಹೇಳುವ ಶೊಲ್ಪಾನ್, ಆಚೆ ದಡದಲ್ಲಿ ಕತಿರಾ. ಯಂತ್ರ ಕುಯ್ ಎಂದಾಗಲೆಲ್ಲ ಅಜ್ಜ ಒಂದೊಂದು ಮನೆಯ ಹೆಸರು ಕೂಗುತ್ತಿದ್ದ. ಆ ಮನೆಯವರು ಬಂದು ನಗುತ್ತ ತಮ್ಮ ಕುದುರೆ ಹಿಡಿದುಕೊಂಡು ಹೋಗುತ್ತಿದ್ದರು. ಒಂದು ಜಗಳವೂ ಆಗಲಿಲ್ಲ. ಪಕ್ಕದ ಕಣಿವೆಯ ಹಿರಿಯರು ಇದನ್ನು ನೋಡಲು ಬಂದಿದ್ದರು. "ಇದೆಲ್ಲ ಯಾರು ಕಲಿಸಿದ್ದು?" ಎಂದು ಅವರು ಕೇಳಿದಾಗ ಅಜ್ಜ ಶೊಲ್ಪಾನಳ ಹೆಗಲ ಮೇಲೆ ಕೈಯಿಟ್ಟ.

"ನಮ್ಮೂರ ಮಗಳು" ಅಂದ. "ನಾನು ಒಂದು ವರ್ಷ ತಡವಾಗಿ ಕಲಿತೆ. ನೀವು ತಡ ಮಾಡ್ಬೇಡಿ."

ಮಂದೆ ಸಾಕುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮಲ್ಲೂ ಚಿಪ್ ಹಾಕಿಸದ ಪ್ರಾಣಿಗಳಿದ್ದರೆ ಮಂದೆ ಬೆಟ್ಟ ಹತ್ತುವ ಮುಂಚೆಯೇ ಪಶುವೈದ್ಯರನ್ನು ಕರೆಯಿರಿ. ಲೇಪವಿರುವ ಕಾಳನ್ನೇ ಕೇಳಿ ಪಡೆಯಿರಿ. ಬಿಡಿಯಾಗಿ ಮಾರುವುದನ್ನು ತಂದು ನೀವೇ ಚುಚ್ಚಬೇಡಿ. ಮುಚ್ಚಿದ ಪೊಟ್ಟಣ ನಿಮ್ಮೆದುರೇ ಒಡೆಯಲಿ, ಕಾಳಿಗೆ ಬರಿಗೈ ತಾಗದಿರಲಿ. ಹಾಕುವ ಮುಂಚೆ, ಹಾಕಿದ ಮೇಲೆ, ಕೆಲವು ವಾರ ಬಿಟ್ಟು ಮತ್ತೊಮ್ಮೆ ಓದಿಸಿ ನೋಡಿ. ಮಾಂಸಕ್ಕೆ ಕಡಿಯುವಾಗ ಮರೆಯದೆ ಕಾಳನ್ನು ತೆಗೆಸಿ. ಕಣ್ಣಿಗೆ ಕಾಣದ ಆ ತೆಳು ಪೊರೆ ಮಳೆಯಲ್ಲಿ, ಹಿಮದಲ್ಲಿ, ನಾಗಾಲೋಟದಲ್ಲಿ ನಿಮ್ಮ ಹೆಸರನ್ನು ಕಾಯುತ್ತದೆ. ನಿಮ್ಮ ಕುದುರೆ ನಿಮ್ಮ ಹೆಮ್ಮೆ. ಆ ಹೆಮ್ಮೆಯ ಸಾಕ್ಷಿ ಅದರ ಕೊರಳಲ್ಲೇ ಇರಲಿ.